ಶುಲ್ಕವಿಲ್ಲದ ತರಗತಿ, ಗಡುವಿರುವ ಗುರು

ಫೆಬ್ರುವರಿಯ ಎರಡನೆಯ ವಾರ. ಚಳಿಗಾಲದ ಸೆಮಿಸ್ಟರಿನ ಕೊನೆಯ ಸೆಮಿನಾರ್. ವೇಳಾಪಟ್ಟಿಯಲ್ಲಿ ಹತ್ತು ಗಂಟೆ ಎಂದಿದ್ದರೂ ತರಗತಿ ಶುರುವಾಗುವುದು ಹತ್ತೂಕಾಲಿಗೆ. ಜರ್ಮನಿಯಲ್ಲಿ ಅದು ತಡವಲ್ಲ, ಶತಮಾನಗಳಿಂದ ನಡೆದು ಬಂದ ಪದ್ಧತಿ. ‘ವಿದ್ಯಾಪೀಠದ ಕಾಲು ಗಂಟೆ’ ಎಂದೇ ಅದಕ್ಕೆ ಹೆಸರು. ಪಾಠ ಮುಗಿದಾಗ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಇಪ್ಪತ್ತು ವಿದ್ಯಾರ್ಥಿಗಳು ಬೆರಳ ಗೆಣ್ಣುಗಳಿಂದ ಮೇಜನ್ನು ಕುಟ್ಟುತ್ತಾರೆ. ಮೊದಲ ಸಲ ಆ ಸದ್ದು ಕೇಳಿದಾಗ ಯಾರೋ ಬಾಗಿಲು ಬಡಿಯುತ್ತಿದ್ದಾರೆ ಎಂದುಕೊಂಡು ನಾನು ಹಿಂತಿರುಗಿ ನೋಡಿದ್ದೆ.

ಆ ದಿನ ಸದ್ದು ಅಡಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಮೇಜಿನ ಬಳಿ ಬಂದು, ತನ್ನ ಎಂ.ಎ. ಪ್ರಬಂಧಕ್ಕೆ ನೀವೇ ಮಾರ್ಗದರ್ಶಕರಾಗುತ್ತೀರಾ ಎಂದು ಪಾಠ ಮಾಡಿದ ಅಧ್ಯಾಪಕಿಯನ್ನು ಕೇಳಿದಳು. ಅಧ್ಯಾಪಕಿ ಕಾಗದಗಳನ್ನು ಜೋಡಿಸುತ್ತಿದ್ದವರು ಕೈ ನಿಲ್ಲಿಸಿದರು. ಮಾರ್ಚ್ 31ರವರೆಗೆ ತಾನು ಇಲ್ಲಿರುವುದು ಖಚಿತ, ಆಮೇಲಿನದು ಗೊತ್ತಿಲ್ಲ ಎಂದರು. ಚಳಿಗಾಲದ ಸೆಮಿಸ್ಟರ್ ಕಾಗದದ ಮೇಲೆ ಮುಗಿಯುವುದು ಮಾರ್ಚ್ 31ಕ್ಕೆ. ಅವರ ಒಪ್ಪಂದ ಮುಗಿಯುವುದೂ ಅಂದೇ. ಪಿಎಚ್‌ಡಿ ಮುಗಿಸಿ ನಾಲ್ಕು ವರ್ಷ ಕಳೆದಿತ್ತು. ಆ ನಾಲ್ಕು ವರ್ಷಗಳಲ್ಲಿ ಅವರು ಸಹಿ ಹಾಕಿದ್ದ ಮೂರನೆಯ ಒಪ್ಪಂದ ಅದು.

ಜರ್ಮನ್ ವಿಶ್ವವಿದ್ಯಾಲಯಗಳ ಬಗ್ಗೆ ನಮ್ಮಲ್ಲಿ ನಡೆಯುವ ಮಾತೆಲ್ಲ ಒಂದೇ ಪದದ ಸುತ್ತ ಸುತ್ತುತ್ತದೆ: ಉಚಿತ. ಅದು ಸುಳ್ಳಲ್ಲ. ವಿದ್ಯೆಯನ್ನು ಸರಕಾಗಿಸದೆ ಇಷ್ಟು ದೊಡ್ಡ ಪ್ರಮಾಣದಲ್ಲಿ ಉನ್ನತ ಶಿಕ್ಷಣ ನಡೆಸುವ ದೇಶಗಳು ಬೆರಳೆಣಿಕೆಯಷ್ಟಿವೆ, ಅದಕ್ಕಾಗಿ ಜರ್ಮನಿಯ ಬಗ್ಗೆ ನನಗೆ ಮನಃಪೂರ್ವಕ ಗೌರವವಿದೆ. ಆದರೆ ವಿದ್ಯಾರ್ಥಿ ಕಟ್ಟದ ಬೆಲೆಯ ಒಂದು ಪಾಲನ್ನು ಬೇರೆ ಯಾರೋ ಕಟ್ಟುತ್ತಿದ್ದಾರೆ. ತೆರಿಗೆದಾರ ಕಟ್ಟುವುದು ಎಲ್ಲರಿಗೂ ಗೊತ್ತಿರುವ ಪಾಲು. ಗೊತ್ತಿಲ್ಲದ ಪಾಲನ್ನು ಮೂವತ್ತರಿಂದ ನಲವತ್ತೈದರ ನಡುವಿನ ಸಂಶೋಧಕರು ತಮ್ಮ ಬದುಕಿನ ವರ್ಷಗಳಲ್ಲಿ ಕಟ್ಟುತ್ತಿದ್ದಾರೆ.

ಉಚಿತ ಎಂದರೆ ಎಷ್ಟು?

ಮೊದಲು ಹಣದ ಲೆಕ್ಕ. 2005ರಲ್ಲಿ ಜರ್ಮನಿಯ ಸಂವಿಧಾನ ನ್ಯಾಯಾಲಯವು ಬೋಧನಾ ಶುಲ್ಕದ ಮೇಲಿದ್ದ ರಾಷ್ಟ್ರೀಯ ನಿಷೇಧವನ್ನು ರದ್ದು ಮಾಡಿತು. ಶಿಕ್ಷಣ ರಾಜ್ಯಗಳ ವಿಷಯ, ಕೇಂದ್ರ ಕೈಹಾಕುವಂತಿಲ್ಲ ಎಂಬುದು ಅದರ ನಿಲುವು. ಕೆಲವು ರಾಜ್ಯಗಳು ತಕ್ಷಣ ಸೆಮಿಸ್ಟರಿಗೆ 500 ಯೂರೊ ಶುಲ್ಕ ಹಾಕಿದವು. ವಿದ್ಯಾರ್ಥಿಗಳು ಬೀದಿಗಿಳಿದರು, ಚುನಾವಣೆಗಳಲ್ಲಿ ಅದೇ ದೊಡ್ಡ ಪ್ರಶ್ನೆಯಾಯಿತು, ಒಂದೊಂದೇ ರಾಜ್ಯ ಹಿಂದೆ ಸರಿಯಿತು. ಕೊನೆಯದಾಗಿ ಲೋವರ್ ಸ್ಯಾಕ್ಸನಿ 2014ರಲ್ಲಿ ಶುಲ್ಕ ಕೈಬಿಟ್ಟಿತು. ಈಗ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನವರು ಕಟ್ಟುವುದು ಸೆಮಿಸ್ಟರ್ ವಂತಿಗೆ ಮಾತ್ರ. ಊರಿಂದ ಊರಿಗೆ ಬದಲಾಗುವ ಈ ಮೊತ್ತ ಸಾಮಾನ್ಯವಾಗಿ ಕೆಲವು ನೂರು ಯೂರೊಗಳೊಳಗೇ ಇರುತ್ತದೆ. ಕ್ಯಾಂಟೀನು, ವಿದ್ಯಾರ್ಥಿ ನಿಲಯ, ಹಲವು ಕಡೆ ಬಸ್ಸು ರೈಲಿನ ಪಾಸು ಎಲ್ಲವೂ ಅದರ ಆಸರೆಯಲ್ಲೇ ನಡೆಯುತ್ತವೆ.

ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರ ಚಳಿಗಾಲದ ಸೆಮಿಸ್ಟರಿನಿಂದ ಐರೋಪ್ಯ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಗೆ ಸೆಮಿಸ್ಟರಿಗೆ 1500 ಯೂರೊ ನಿಗದಿ ಮಾಡಿತು. ಹೈಡೆಲ್‌ಬರ್ಗ್, ಟ್ಯೂಬಿಂಗನ್, ಫ್ರೈಬುರ್ಗ್, ಸ್ಟುಟ್‌ಗಾರ್ಟ್ ಎಲ್ಲವೂ ಈ ರಾಜ್ಯದಲ್ಲೇ ಇವೆ. ಆ 1500ರಲ್ಲಿ ವಿಶ್ವವಿದ್ಯಾಲಯದ ಕೈಗೆ ಉಳಿಯುವಂತೆ ಗೊತ್ತುಪಡಿಸಿದ್ದು 300 ಯೂರೊ. ಮಿಕ್ಕದ್ದು ರಾಜ್ಯದ ಬೊಕ್ಕಸಕ್ಕೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದಿಂದ ಇನ್ನೂ ಮುಂದೆ ಹೋಗಿ, ಹೊಸದಾಗಿ ಸೇರುವ ಹೊರದೇಶದವರಿಗೆ ಪದವಿಯಲ್ಲಿ ಸೆಮಿಸ್ಟರಿಗೆ 2000ದಿಂದ 3000, ಸ್ನಾತಕೋತ್ತರದಲ್ಲಿ 4000ದಿಂದ 6000 ಯೂರೊ ಶುಲ್ಕ ವಿಧಿಸಿದೆ.

ಈ ಬದಲಾವಣೆಯ ಬಿಸಿ ಮೊದಲು ತಟ್ಟುವುದು ನಮ್ಮವರಿಗೆ. 2022-23ರಿಂದ ಜರ್ಮನಿಗೆ ಅತಿ ಹೆಚ್ಚು ವಿದ್ಯಾರ್ಥಿಗಳನ್ನು ಕಳುಹಿಸುವ ದೇಶ ಭಾರತ. 2024-25ರ ಚಳಿಗಾಲದಲ್ಲಿ ಈ ಸಂಖ್ಯೆ ಸುಮಾರು 59 ಸಾವಿರ. ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯ ಎಂಜಿನಿಯರಿಂಗ್ ಕಾಲೇಜುಗಳಿಂದ ಹೋದವರು ಅವರಲ್ಲಿ ಕಡಿಮೆಯಿಲ್ಲ. ಶುಲ್ಕವಿಲ್ಲದ ಕಡೆಯೂ ವೀಸಾಕ್ಕಾಗಿ ಮೊದಲೇ ತೋರಿಸಬೇಕಾದ ಹಣವಿದೆ: ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ನಿರ್ಬಂಧಿತ ಖಾತೆಯಲ್ಲಿ 11,904 ಯೂರೊ. ಈ ವಿಚಿತ್ರ ಅಂಕಿ ಎಲ್ಲಿಂದ ಬಂತೆಂದರೆ, ಜರ್ಮನ್ ವಿದ್ಯಾರ್ಥಿಗೆ ಸರ್ಕಾರ ಕೊಡುವ ವ್ಯಾಸಂಗ ನೆರವಿನ ತಿಂಗಳ ಗರಿಷ್ಠ ಮಿತಿ 992 ಯೂರೊ. ಅದನ್ನು ಹನ್ನೆರಡರಿಂದ ಗುಣಿಸಿದರೆ ಇದು. ಹನ್ನೊಂದು ಲಕ್ಷ ರೂಪಾಯಿಗೂ ಮಿಗಿಲಾದ ಈ ಮೊತ್ತವನ್ನು ಹೊಂದಿಸಲು ಊರಿನ ಮನೆ, ಜಮೀನಿನ ಪತ್ರಗಳು ಬ್ಯಾಂಕಿಗೆ ಹೋಗುತ್ತವೆ. ಅದರ ಜೊತೆಗೆ 2022ರ ನವೆಂಬರಿನಿಂದ ಭಾರತೀಯ ಅರ್ಜಿದಾರರಿಗೆ ಅಂಕಪಟ್ಟಿಗಳ ನೈಜತೆ ಪರಿಶೀಲನೆಯ ಪ್ರಮಾಣಪತ್ರವೂ ಕಡ್ಡಾಯ.

ಹೀಗೆ ಉಚಿತವೆಂಬ ಗೋಡೆಯಲ್ಲಿ ಬಿರುಕುಗಳಿವೆ. ಆದರೂ ಗೋಡೆ ಇನ್ನೂ ನಿಂತಿದೆ, ಮತ್ತು ಅದು ಯಾವ ಬುನಾದಿಯ ಮೇಲೆ ನಿಂತಿದೆ ಎಂಬುದೇ ಹೆಚ್ಚು ಮುಖ್ಯವಾದ ಪ್ರಶ್ನೆ.

ಕೋಟೆಯ ಅಡುಗೆಮನೆಯಲ್ಲಿ

ಉದಾಹರಣೆಗೆ ಟ್ಯೂಬಿಂಗನ್ ನಗರವನ್ನೇ ತೆಗೆದುಕೊಳ್ಳೋಣ. ನೆಕ್ಕರ್ ನದಿಯ ದಂಡೆಯ, ತೊಂಬತ್ತು ಸಾವಿರ ಚಿಲ್ಲರೆ ಜನರ ಊರು. ಅದರಲ್ಲಿ ಇಪ್ಪತ್ತೇಳು, ಇಪ್ಪತ್ತೆಂಟು ಸಾವಿರ ವಿದ್ಯಾರ್ಥಿಗಳು. ವಿಶ್ವವಿದ್ಯಾಲಯಕ್ಕೆ ಆವರಣ ಗೋಡೆಯಿಲ್ಲ, ಗೇಟಿಲ್ಲ, ಕಾವಲುಗಾರನಿಲ್ಲ; ಊರೇ ಕ್ಯಾಂಪಸ್. ಮಾನವಿಕ ವಿಭಾಗಗಳು ಕೆಳಗೆ ವಿಲ್‌ಹೆಲ್ಮ್ ಬೀದಿಯಲ್ಲಿ, ವಿಜ್ಞಾನ ವಿಭಾಗಗಳು ಮೇಲೆ ಮೋರ್ಗನ್‌ಸ್ಟೆಲ್ಲೆ ಎಂಬ ಗುಡ್ಡದ ಮೇಲೆ. ಎಬರ್ಹಾರ್ಡ್ ಎಂಬ ಪಾಳೆಯಗಾರ ಇದನ್ನು 1477ರಲ್ಲಿ ಸ್ಥಾಪಿಸಿದ, ಅಂದರೆ ನಮ್ಮಲ್ಲಿ ವಿಜಯನಗರ ಆಳುತ್ತಿದ್ದ ಕಾಲ. ಲ್ಯಾಟಿನ್ನಿನ ‘ಅಟೆಂಪ್ಟೊ’ ಅವನ ಧ್ಯೇಯವಾಕ್ಯ. ‘ಕೈಹಾಕಿಯೇ ತೀರುತ್ತೇನೆ’ ಎಂಬ ಛಲದ ಮಾತು. ಕೆಪ್ಲರ್ ಇಲ್ಲಿ ಓದಿದ. ಹೆಗೆಲ್, ಶೆಲ್ಲಿಂಗ್, ಕವಿ ಹೋಲ್ಡರ್ಲಿನ್ ಇಲ್ಲಿನ ಧರ್ಮಶಾಸ್ತ್ರ ವಿದ್ಯಾರ್ಥಿ ನಿಲಯದಲ್ಲಿ ಜೊತೆಯಾಗಿದ್ದರು.

ಕನ್ನಡಕ್ಕೂ ಈ ಊರಿನ ಋಣವಿದೆ. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರತಂದ ಹೆರ್ಮನ್ ಮೋಗ್ಲಿಂಗ್ ಓದಿದ್ದು ಟ್ಯೂಬಿಂಗನ್‌ನಲ್ಲಿ. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಪ್ರಕಟಿಸಿದ ಫರ್ಡಿನೆಂಡ್ ಕಿಟೆಲ್ ಅವರಿಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟದ್ದು ಇದೇ ವಿಶ್ವವಿದ್ಯಾಲಯ. 1903ರಲ್ಲಿ ಅವರು ಕೊನೆಯುಸಿರೆಳೆದದ್ದೂ ಇದೇ ಊರಿನಲ್ಲಿ.

ಊರಿನ ನೆತ್ತಿಯ ಮೇಲೆ ಹೋಹೆನ್‌ಟ್ಯೂಬಿಂಗನ್ ಕೋಟೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹೊಪ್ಪೆ-ಸೈಲರ್ ಎಂಬ ರಸಾಯನ ವಿಜ್ಞಾನಿಯ ಪ್ರಯೋಗಾಲಯ ಅಲ್ಲಿತ್ತು. ಸ್ವಿಟ್ಜರ್ಲೆಂಡಿನಿಂದ ಬಂದ ಫ್ರೀಡ್ರಿಖ್ ಮೀಷರ್ ಎಂಬ ಯುವಕ, ವೈದ್ಯಕೀಯ ಪದವಿ ಮುಗಿಸಿ ವರ್ಷವೂ ಸರಿಯಾಗಿ ಆಗಿರದಿದ್ದಾಗ, ಕೋಟೆಯ ಹಳೆಯ ಅಡುಗೆಮನೆಯಲ್ಲಿ ಕೆಲಸಕ್ಕೆ ಕುಳಿತ. ಹತ್ತಿರದ ಶಸ್ತ್ರಚಿಕಿತ್ಸಾಲಯದಿಂದ ಗಾಯದ ಪಟ್ಟಿಗಳನ್ನು ತರಿಸಿಕೊಂಡು, ಅವುಗಳಿಗೆ ಅಂಟಿದ ಕೀವನ್ನು ತೊಳೆದು, ಅದರ ಜೀವಕೋಶಗಳ ಕೇಂದ್ರದಿಂದ ಅದುವರೆಗೆ ಯಾರೂ ಕಂಡಿರದ ಒಂದು ವಸ್ತುವನ್ನು 1869ರಲ್ಲಿ ಬೇರ್ಪಡಿಸಿದ. ಅದಕ್ಕೆ ನ್ಯೂಕ್ಲೀನ್ ಎಂದು ಹೆಸರಿಟ್ಟ. ಇಂದು ನಾವು ಡಿಎನ್ಎ ಎನ್ನುವುದು ಅದನ್ನೇ. ಗುರುವಿಗೆ ನಂಬಿಕೆ ಬರಲಿಲ್ಲ. ಶಿಷ್ಯನ ಪ್ರಯೋಗಗಳನ್ನು ತಾನೇ ಮತ್ತೆ ಮಾಡಿ ನೋಡಿದ. ಹಾಗಾಗಿ ಲೇಖನ ಅಚ್ಚಾಗಲು 1871 ಬರಬೇಕಾಯಿತು.

ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಆ ಎರಡು ವರ್ಷಗಳ ಕಾಯುವಿಕೆ. ಒಂದು ಒಳ್ಳೆಯ ಪ್ರಯೋಗಕ್ಕೆ ಬೇಕಾದ ಅನುಮಾನ, ಮರುಪರೀಕ್ಷೆ, ತಾಳ್ಮೆ ಎಲ್ಲವೂ ಅದರಲ್ಲಿವೆ. ಇಂದು ಅದೇ ಊರಿನಲ್ಲಿ ಅದೇ ವಯಸ್ಸಿನ ಸಂಶೋಧಕನಿಗೆ ಎರಡು ವರ್ಷದ ಒಪ್ಪಂದ ಸಿಕ್ಕಿದ್ದರೆ, ಗುರು ಮರುಪರೀಕ್ಷೆ ಮುಗಿಸುವ ಹೊತ್ತಿಗೆ ಅವನು ಮುಂದಿನ ಕೆಲಸಕ್ಕೆ ಅರ್ಜಿ ಬರೆಯುತ್ತಿರುತ್ತಿದ್ದ.

ಸಂಶೋಧನೆಯೂ ಬೋಧನೆಯೂ ಒಂದೇ ಮನೆಯಲ್ಲಿರಬೇಕು ಎಂಬುದು ಜರ್ಮನ್ ವಿಶ್ವವಿದ್ಯಾಲಯದ ಮೂಲಮಂತ್ರ. 1810ರಲ್ಲಿ ಪಾಠ ಶುರುವಾದ ಬರ್ಲಿನ್ ವಿಶ್ವವಿದ್ಯಾಲಯಕ್ಕೆ ವಿಲ್‌ಹೆಲ್ಮ್ ಫಾನ್ ಹುಂಬೋಲ್ಟ್ ಹಾಕಿಕೊಟ್ಟ ಅಡಿಪಾಯ ಅದು. ಗುರು ತಾನು ಈಗಾಗಲೇ ಬಲ್ಲದ್ದನ್ನು ಒಪ್ಪಿಸುವವನಲ್ಲ, ತಾನು ಇನ್ನೂ ಹುಡುಕುತ್ತಿರುವುದನ್ನು ಶಿಷ್ಯನ ಎದುರು ಹುಡುಕುವವನು. ಶಿಷ್ಯ ಕೂಡ ಮಗುವಲ್ಲ, ತನ್ನ ಕಲಿಕೆಗೆ ತಾನೇ ಹೊಣೆಯಾದ ವಯಸ್ಕ. ಜರ್ಮನಿಯ ಮೂಲ ಕಾನೂನಿನ, ಅಂದರೆ ಸಂವಿಧಾನದ, 5ನೆಯ ವಿಧಿ ಸಂಶೋಧನೆ ಮತ್ತು ಬೋಧನೆಯ ಸ್ವಾತಂತ್ರ್ಯವನ್ನು ಮೂಲಭೂತ ಹಕ್ಕಾಗಿ ಕಾಪಾಡುತ್ತದೆ.

ಈ ಸ್ವಾತಂತ್ರ್ಯ ವಿದ್ಯಾರ್ಥಿಯ ದಿನಚರಿಯಲ್ಲಿ ಕಣ್ಣಿಗೆ ಕಾಣುತ್ತದೆ. ಹೆಚ್ಚಿನ ಉಪನ್ಯಾಸಗಳಿಗೆ ಹಾಜರಿ ಇಲ್ಲ. ವಾರದ ಕಿರುಪರೀಕ್ಷೆ, ಇಂಟರ್ನಲ್ ಅಂಕಗಳ ಗದ್ದಲ ನಮ್ಮಷ್ಟಿಲ್ಲ. ಎಷ್ಟೋ ವಿಷಯಗಳಲ್ಲಿ ಸೆಮಿಸ್ಟರಿನ ಕೊನೆಯ ಒಂದೇ ಪರೀಕ್ಷೆ ಎಲ್ಲವನ್ನೂ ನಿರ್ಧರಿಸುತ್ತದೆ. ಅಂಕಗಳು ತಲೆಕೆಳಗು: 1.0 ಅತ್ಯುತ್ತಮ, 4.0 ಪಾಸಿನ ಅಂಚು, 5.0 ನಪಾಸು. ಬೆಂಗಳೂರಿನಲ್ಲಿ ಎಂಟೂವರೆ, ಒಂಬತ್ತು ಸಿಜಿಪಿಎ ತೆಗೆದ ಹುಡುಗರು ಮೊದಲ ಸೆಮಿಸ್ಟರಿನಲ್ಲಿ 3.7 ಕಂಡು ಬೆಚ್ಚಿಬೀಳುವುದನ್ನು ನೋಡಿದ್ದೇನೆ. ತಿಂಗಳುಗಟ್ಟಲೆ ಯಾರೂ ಅವರನ್ನು ಏನೂ ಕೇಳಿರುವುದಿಲ್ಲ. ಆ ಮೌನವನ್ನು ಎಲ್ಲವೂ ಸರಿಯಿದೆ ಎಂದು ಓದಿಕೊಂಡಿರುತ್ತಾರೆ. ಒಂದು ಕಡ್ಡಾಯ ಪರೀಕ್ಷೆಗೆ ಸಾಮಾನ್ಯವಾಗಿ ಮೂರು ಅವಕಾಶ. ಮೂರನೆಯದರಲ್ಲೂ ಬಿದ್ದರೆ ಆ ಕೋರ್ಸಿನಿಂದ ಹೊರಗೆ. ಅದೇ ವಿಷಯವನ್ನು ಜರ್ಮನಿಯ ಬೇರೊಂದು ವಿಶ್ವವಿದ್ಯಾಲಯದಲ್ಲಿ ಓದುವ ಬಾಗಿಲೂ ಬಹುಮಟ್ಟಿಗೆ ಮುಚ್ಚುತ್ತದೆ. ವೀಸಾ ಅದರ ಮೇಲೆ ನಿಂತಿರುವ ವಿದ್ಯಾರ್ಥಿಗೆ ಇದು ಬರಿಯ ಅಂಕದ ಮಾತಲ್ಲ.

ಇಂಥ ಹೊತ್ತಿನಲ್ಲಿ ಅವನು ಯಾರ ಬಳಿ ಓಡುತ್ತಾನೆ? ಪ್ರೊಫೆಸರರ ಭೇಟಿಯ ಸಮಯ ವಾರಕ್ಕೊಂದು ಗಂಟೆ. ಅವನು ಓಡುವುದು ಲೆಕ್ಕದ ಟ್ಯುಟೋರಿಯಲ್ ನಡೆಸುವ ಪಿಎಚ್‌ಡಿ ಸಂಶೋಧಕಿಯ ಬಳಿಗೆ, ಪ್ರಯೋಗಾಲಯದಲ್ಲಿ ಪಿಪೆಟ್ ಹಿಡಿಯಲು ಕಲಿಸಿದ, ಪಿಎಚ್‌ಡಿ ಮುಗಿಸಿ ಸಂಶೋಧನೆ ಮುಂದುವರಿಸಿರುವ ಪೋಸ್ಟ್‌ಡಾಕ್ ಬಳಿಗೆ, ‘ಹಿವಿ’ ಎಂದು ಎಲ್ಲರೂ ಕರೆಯುವ, ಗಂಟೆಯ ಲೆಕ್ಕದ ಸಂಬಳದ ಸಹಾಯಕ ವಿದ್ಯಾರ್ಥಿಯ ಬಳಿಗೆ. ಹುಂಬೋಲ್ಟನ ಕನಸನ್ನು ದಿನನಿತ್ಯ ಹೊತ್ತು ನಡೆಸುತ್ತಿರುವವರು ಇವರು. ಪ್ರೊಫೆಸರರ ಹುದ್ದೆ ಕಾಯಂ, ಹೆಚ್ಚಿನ ಕಡೆ ಸರ್ಕಾರಿ ಅಧಿಕಾರಿಯ ದರ್ಜೆಯದು. ಅದರ ಕೆಳಗಿನ ಮೆಟ್ಟಿಲುಗಳಲ್ಲಿ ನಲವತ್ತೈದು ವಯಸ್ಸಿನೊಳಗಿನ ಸಂಶೋಧಕ-ಬೋಧಕರನ್ನು ನೋಡಿದರೆ ಹತ್ತರಲ್ಲಿ ಒಂಬತ್ತು ಜನ ಗಡುವಿನ ಒಪ್ಪಂದದವರು.

ಹನ್ನೆರಡು ವರ್ಷದ ಗಡಿಯಾರ

ಇದು ತಾನಾಗಿ ಆದದ್ದಲ್ಲ, ಇದಕ್ಕೊಂದು ಕಾನೂನಿದೆ. 2007ರಲ್ಲಿ ಜಾರಿಗೆ ಬಂದ ವಿಜ್ಞಾನ ಕ್ಷೇತ್ರದ ಅವಧಿ ಒಪ್ಪಂದ ಕಾಯ್ದೆ. ಸಾಮಾನ್ಯ ಉದ್ಯೋಗಿಗೆ ಜರ್ಮನ್ ಕಾರ್ಮಿಕ ಕಾನೂನು ಬಲವಾದ ರಕ್ಷಣೆ ಕೊಡುತ್ತದೆ. ಕಾರಣವಿಲ್ಲದೆ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಅವಧಿ ಒಪ್ಪಂದದಲ್ಲಿ ಇಟ್ಟುಕೊಳ್ಳುವಂತಿಲ್ಲ. ವಿಶ್ವವಿದ್ಯಾಲಯಗಳಿಗೆ ಮಾತ್ರ ಈ ಕಾಯ್ದೆ ಬೇರೆಯೇ ದಾರಿ ತೆರೆಯಿತು: ಪಿಎಚ್‌ಡಿಗೆ ಮುಂಚೆ ಆರು ವರ್ಷ, ನಂತರ ಆರು ವರ್ಷ, ವೈದ್ಯಕೀಯದಲ್ಲಾದರೆ ನಂತರ ಒಂಬತ್ತು. ಮಗುವೊಂದಕ್ಕೆ ಎರಡು ವರ್ಷ ಹೆಚ್ಚಿಸಬಹುದು. ಈ ಮಿತಿಯೊಳಗೆ ಎಷ್ಟು ಒಪ್ಪಂದಗಳನ್ನಾದರೂ ಪೋಣಿಸಬಹುದು. ಮಿತಿ ಮುಗಿದ ಮೇಲೆ ಕಾಯಂ ಹುದ್ದೆ ಕೊಡಬೇಕು, ಇಲ್ಲವೇ ಬಿಟ್ಟು ಕಳುಹಿಸಬೇಕು. ಹೊರಗಿನ ಸಂಸ್ಥೆಗಳ ಅನುದಾನದಿಂದ ಸಂಬಳ ಬರುವ ಯೋಜನೆಗಳಲ್ಲಿ ಮಾತ್ರ ಯೋಜನೆ ಇರುವಷ್ಟು ದಿನ ಮುಂದುವರಿಸಬಹುದು.

ಕೇಳಲು ಇದು ಶೋಷಣೆಗೆ ಕಡಿವಾಣ ಹಾಕುವ ನಿಯಮದಂತಿದೆ, ಉದ್ದೇಶದ ಒಂದು ಭಾಗವೂ ಅದೇ ಆಗಿತ್ತು. ಒಬ್ಬರನ್ನು ಹಂಗಾಮಿಯಾಗಿ ಇಪ್ಪತ್ತು ವರ್ಷ ಎಳೆದಾಡಬೇಡಿ ಎಂದು ಅದು ಹೇಳುತ್ತದೆ. ಆದರೆ ಕಾಯಂ ಹುದ್ದೆಗಳ ಸಂಖ್ಯೆಯನ್ನು ಹೆಚ್ಚಿಸದೆ ಗಡಿಯಾರವನ್ನಷ್ಟೇ ತೂಗುಹಾಕಿದರೆ ಆಗುವುದೇನು? ಮೂವತ್ತೊಂದಕ್ಕೆ ಪಿಎಚ್‌ಡಿ ಮುಗಿಸಿದವರ ಆರು ವರ್ಷ ಮೂವತ್ತೇಳಕ್ಕೆ ಮುಗಿಯುತ್ತದೆ. ಪೂರ್ಣ ಪ್ರೊಫೆಸರ್ ಹುದ್ದೆಗೆ ಮೊದಲ ಸಲ ನೇಮಕವಾಗುವ ಸರಾಸರಿ ವಯಸ್ಸು ನಲವತ್ತು ದಾಟಿದೆ. ನಡುವಿನ ಆ ಕಂದಕವನ್ನು ಯೋಜನೆಯಿಂದ ಯೋಜನೆಗೆ, ಊರಿಂದ ಊರಿಗೆ ಹಾರುತ್ತಲೇ ದಾಟಬೇಕು. ಅದರ ಮೇಲೆ, ತಾವು ಬೆಳೆದ ವಿಶ್ವವಿದ್ಯಾಲಯದಲ್ಲೇ ಪ್ರೊಫೆಸರ್ ಆಗುವುದನ್ನು ಜರ್ಮನ್ ಸಂಪ್ರದಾಯ ಒಪ್ಪುವುದಿಲ್ಲ. ಸ್ವಜನಪಕ್ಷಪಾತ ತಡೆಯಲು ಹುಟ್ಟಿದ ಒಳ್ಳೆಯ ನಿಯಮವದು. ಆದರೆ ಮಗುವನ್ನು ಶಾಲೆಗೆ ಸೇರಿಸಿದ, ಸಂಗಾತಿಗೆ ಅದೇ ಊರಿನಲ್ಲಿ ಕೆಲಸವಿರುವ ನಲವತ್ತರ ವಿದ್ವಾಂಸನ ಮನೆಗೆ ಅದು ಪ್ರತಿ ಬಾರಿ ಪೆಟ್ಟಿಗೆ ಕಟ್ಟುವ ಆದೇಶ.

ಕೇಂದ್ರ ಶಿಕ್ಷಣ ಮತ್ತು ಸಂಶೋಧನಾ ಸಚಿವಾಲಯ ಈ ಕಾನೂನನ್ನು ವಿವರಿಸಲು ಒಂದು ಆನಿಮೇಷನ್ ವಿಡಿಯೊ ಮಾಡಿತ್ತು. ಅದರಲ್ಲಿ ಹನ್ನಾ ಎಂಬ ಕಾಲ್ಪನಿಕ ಜೀವವಿಜ್ಞಾನಿ. ಒಂದೇ ತಲೆಮಾರು ಎಲ್ಲ ಹುದ್ದೆಗಳನ್ನೂ ತುಂಬಿಕೊಂಡು ಕೊಳವೆ ಕಟ್ಟಿಕೊಳ್ಳುವಂತೆ ಮಾಡಬಾರದು, ಅದಕ್ಕಾಗಿ ಅವಧಿ ಒಪ್ಪಂದ ಬೇಕು ಎಂಬರ್ಥದ ಮಾತು ಅದರಲ್ಲಿತ್ತು. 2021ರ ಜೂನ್‌ನಲ್ಲಿ ಅಮ್ರೈ ಬಾರ್, ಕ್ರಿಸ್ಟಿನ್ ಐಖ್‌ಹಾರ್ನ್, ಸೆಬಾಸ್ಟಿಯನ್ ಕುಬೊನ್ ಎಂಬ ಮೂವರು ವಿದ್ವಾಂಸರು ‘ನಾನೇ ಹನ್ನಾ’ ಎಂಬ ಹ್ಯಾಶ್‌ಟ್ಯಾಗ್ ಶುರುಮಾಡಿದರು. ಸಾವಿರಾರು ಸಂಶೋಧಕರು ತಮ್ಮ ಹೆಸರು, ವಯಸ್ಸು, ಒಪ್ಪಂದಗಳ ಸಂಖ್ಯೆ ಬರೆದು ಹಾಕಿದರು. ಹನ್ನೆರಡು ವರ್ಷದಲ್ಲಿ ಹದಿನೈದು ಒಪ್ಪಂದ, ಮೂರು ತಿಂಗಳ ಒಪ್ಪಂದ, ಹೆರಿಗೆಯ ತಿಂಗಳಲ್ಲಿ ಮುಗಿದ ಒಪ್ಪಂದ, ಇಂಥವೇ ಕಥೆಗಳು. ಸಚಿವಾಲಯ ಆ ವಿಡಿಯೊವನ್ನು ತನ್ನ ಜಾಲತಾಣದಿಂದ ತೆಗೆಯಿತು. ವಿದ್ಯಾವಂತರನ್ನು ಕೊಳವೆಯ ಕಸಕ್ಕೆ ಹೋಲಿಸಿದ ಆ ಒಂದು ಕ್ರಿಯಾಪದ ಜನರನ್ನು ಇಷ್ಟು ನೋಯಿಸಿದ್ದು ಸಹಜ. ಭಾಷೆ ಕೆಲವೊಮ್ಮೆ ವ್ಯವಸ್ಥೆಯ ಮನಸ್ಸನ್ನು ತಾನಾಗಿ ಹೊರಹಾಕುತ್ತದೆ.

ನಮ್ಮ ಓದುಗರಿಗೆ ಇಲ್ಲಿ ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು ನೆನಪಾಗಬಹುದು. ಹೋಲಿಕೆ ಅಷ್ಟು ಸರಳವಲ್ಲ. ಜರ್ಮನಿಯ ಒಪ್ಪಂದದ ಸಂಶೋಧಕನಿಗೆ ಸಾರ್ವಜನಿಕ ಸೇವೆಯ ವೇತನ ಶ್ರೇಣಿ, ಆರೋಗ್ಯ ವಿಮೆ, ರಜೆ, ಪಿಂಚಣಿ ವಂತಿಗೆ ಎಲ್ಲ ಇದೆ. ಹಸಿವಿನ ಪ್ರಶ್ನೆ ಅಲ್ಲಿಲ್ಲ. ಅಲ್ಲಿರುವುದು ಕಾಲದ ಪ್ರಶ್ನೆ: ಇನ್ನೆಷ್ಟು ದಿನ? ಎರಡೂ ಕಡೆ ಸಮಾನವಾದದ್ದು ಒಂದೇ, ತರಗತಿ ನಡೆಯುವುದು ಯಾರಿಂದಲೋ ಅವರಿಗೇ ನಾಳೆಯ ಭರವಸೆ ಇಲ್ಲದಿರುವುದು.

ಇನ್ನೊಂದು ಗಂಟು ಜರ್ಮನಿಗೇ ವಿಶಿಷ್ಟವಾದದ್ದು. ನಮ್ಮಲ್ಲಿ ‘ಗೈಡ್’ ಎನ್ನುತ್ತೇವೆ, ಅಲ್ಲಿ ‘ಡಾಕ್ಟರ್‌ಫಾಟರ್’, ಡಾಕ್ಟರೇಟಿನ ತಂದೆ, ಮಹಿಳೆಯಾದರೆ ತಾಯಿ. ಪದದಲ್ಲಿ ಪ್ರೀತಿ ಇದೆ, ಎಷ್ಟೋ ಸಲ ಸಂಬಂಧದಲ್ಲೂ ಇದೆ. ಪಿಎಚ್‌ಡಿ ಮುಗಿದ ದಿನ ಪ್ರಯೋಗಾಲಯದ ಗೆಳೆಯರು ರಟ್ಟಿನ ಟೋಪಿಯೊಂದನ್ನು ತಾವೇ ಮಾಡಿ, ಅದರ ಮೇಲೆ ಆ ಐದು ವರ್ಷಗಳ ನೆನಪುಗಳನ್ನೆಲ್ಲ ಅಂಟಿಸುತ್ತಾರೆ: ಒಡೆದ ಪರೀಕ್ಷಾ ನಳಿಕೆ, ಪುಟ್ಟ ಸೈಕಲ್ಲು, ಖಾಲಿ ಕಾಫಿ ಲೋಟ, ಒಮ್ಮೆ ಒಬ್ಬ ಕನ್ನಡಿಗನ ಟೋಪಿಯ ಮೇಲೆ ಎಂಟಿಆರ್ ಪುಳಿಯೋಗರೆ ಪೊಟ್ಟಣ. ಆ ಟೋಪಿಯನ್ನು ತಲೆಗಿಟ್ಟು ಊರೆಲ್ಲ ಸುತ್ತಿಸುತ್ತಾರೆ. ಗೋಟಿಂಗನ್‌ನಲ್ಲಾದರೆ ಹೊಸ ಡಾಕ್ಟರರು ಚೌಕದ ಕಾರಂಜಿಯ ಮೇಲೇರಿ ಹೆಬ್ಬಾತಿನ ಹುಡುಗಿಯ ಕಂಚಿನ ಪ್ರತಿಮೆಗೆ ಮುತ್ತಿಡಬೇಕು. ಇಷ್ಟು ಬೆಚ್ಚಗಿನ ಲೋಕದಲ್ಲೇ ಒಂದು ತೊಡಕೂ ಇದೆ. ಮಾರ್ಗದರ್ಶಕ, ಮೇಲಧಿಕಾರಿ, ಪ್ರಬಂಧದ ಪರೀಕ್ಷಕ ಮೂವರೂ ಬಹಳ ಕಡೆ ಒಬ್ಬರೇ. ಒಪ್ಪಂದ ಮುಂದುವರಿಯಬೇಕೇ ಎಂದು ತೀರ್ಮಾನಿಸುವವರೂ ಅಂಕ ಕೊಡುವವರೂ ಅವರೇ ಆದಾಗ, ತಪ್ಪನ್ನು ತಪ್ಪೆನ್ನಲು ಯಾರಿಗೆ ಬಾಯಿ ಬರುತ್ತದೆ? ವಿದೇಶಿ ಸಂಶೋಧಕರಿಗೆ ಇದು ಇಮ್ಮಡಿ ಭಾರ. ವಾಸದ ಪರವಾನಗಿಯ ಅವಧಿ ಸಾಮಾನ್ಯವಾಗಿ ಒಪ್ಪಂದದ ಅವಧಿಯನ್ನೇ ಹಿಂಬಾಲಿಸುತ್ತದೆ.

ಸುಧಾರಣೆಯ ಪ್ರಯತ್ನ ನಡೆಯದೆ ಇಲ್ಲ. 2017ರಲ್ಲಿ ಕೇಂದ್ರ ಮತ್ತು ರಾಜ್ಯಗಳು ಸೇರಿ, ಯಶಸ್ವಿಯಾದರೆ ಕಾಯಂ ಆಗುವ ಭರವಸೆಯ 1000 ಪ್ರೊಫೆಸರ್ ಹುದ್ದೆಗಳ ಯೋಜನೆ ತಂದವು. 2023ರ ಮಾರ್ಚ್‌ನಲ್ಲಿ ಸಚಿವಾಲಯ ಪೋಸ್ಟ್‌ಡಾಕ್ ಅವಧಿಯನ್ನು ಮೂರು ವರ್ಷಕ್ಕೆ ಇಳಿಸುವ ಪ್ರಸ್ತಾವ ಮಂಡಿಸಿತು. ಗಡುವನ್ನು ಅರ್ಧಕ್ಕಿಳಿಸಿ ಹುದ್ದೆಗಳನ್ನು ಹೆಚ್ಚಿಸದಿರುವುದು ಯಾವ ನ್ಯಾಯ ಎಂದು ಈ ಸಲ ಪ್ರೊಫೆಸರರೂ ಎದ್ದು ನಿಂತರು. ಪ್ರಸ್ತಾವ ಕೆಲವೇ ದಿನಗಳಲ್ಲಿ ಹಿಂದಕ್ಕೆ ಹೋಯಿತು. ಮುಂದಿನ ಕರಡು ನಾಲ್ಕು ಸೇರಿಸು ಎರಡು ಎಂಬ ಸೂತ್ರದ್ದು: ನಾಲ್ಕು ವರ್ಷ ಹಂಗಾಮಿ, ಮತ್ತೆರಡು ವರ್ಷ ಕೊಡುವುದಾದರೆ, ಗುರಿ ಮುಟ್ಟಿದರೆ ಕಾಯಂ ಎಂದು ಮೊದಲೇ ಬರೆದುಕೊಡಬೇಕು. ಪಿಎಚ್‌ಡಿಯ ಮೊದಲ ಒಪ್ಪಂದ ಕನಿಷ್ಠ ಮೂರು ವರ್ಷದ್ದಾಗಿರಬೇಕು ಎಂಬ ಅಂಶವೂ ಅದರಲ್ಲಿತ್ತು. 2024ರ ಮಾರ್ಚ್‌ನಲ್ಲಿ ಸಂಪುಟ ಒಪ್ಪಿತು, ಸಂಸತ್ತಿನಲ್ಲಿ ಚರ್ಚೆ ನಡೆಯಿತು, ನವೆಂಬರಿನಲ್ಲಿ ಸಮ್ಮಿಶ್ರ ಸರ್ಕಾರವೇ ಬಿತ್ತು. ಮಸೂದೆ ಅದರೊಂದಿಗೆ ಮುಳುಗಿತು. 2025ರಲ್ಲಿ ಬಂದ ಹೊಸ ಸರ್ಕಾರವೂ ತಿದ್ದುಪಡಿಯ ಮಾತು ಕೊಟ್ಟಿದೆ.

ಬರ್ಲಿನ್ ರಾಜ್ಯ ತಾನೇ ಒಂದು ಹೆಜ್ಜೆ ಇಟ್ಟಿತ್ತು. ಕೆಲವು ಬಗೆಯ ಪೋಸ್ಟ್‌ಡಾಕ್ ಹುದ್ದೆಗಳಿಗೆ ಕಾಯಂ ಭರವಸೆ ಕಡ್ಡಾಯ ಎಂದು 2021ರಲ್ಲಿ ತನ್ನ ಕಾನೂನು ತಿದ್ದಿತು. ಹುಂಬೋಲ್ಟ್ ವಿಶ್ವವಿದ್ಯಾಲಯದ ಅಧ್ಯಕ್ಷೆ ಜಬೀನೆ ಕುನ್ಸ್ಟ್, ಹಣವಿಲ್ಲದೆ ಇದು ಅಸಾಧ್ಯವೆಂದು ಪ್ರತಿಭಟಿಸಿ ರಾಜೀನಾಮೆ ಘೋಷಿಸಿದರು. 2025ರಲ್ಲಿ ಸಂವಿಧಾನ ನ್ಯಾಯಾಲಯ, ಈ ವಿಷಯದಲ್ಲಿ ಕಾನೂನು ಮಾಡುವ ಅಧಿಕಾರ ರಾಜ್ಯಕ್ಕಿಲ್ಲವೆಂದು ಆ ಕಲಮನ್ನು ತಳ್ಳಿಹಾಕಿತು. ಕೇಂದ್ರ ಮಾಡುತ್ತಿಲ್ಲ, ರಾಜ್ಯ ಮಾಡುವಂತಿಲ್ಲ. ನಡುವೆ ಗಡಿಯಾರ ಓಡುತ್ತಿದೆ.

ವಿಶ್ವವಿದ್ಯಾಲಯಗಳ ಆಡಳಿತದವರ ವಾದವನ್ನೂ ಕೇಳಬೇಕು, ಅದರಲ್ಲಿ ಹುರುಳಿದೆ. ಎಲ್ಲರನ್ನೂ ಇಂದು ಕಾಯಂ ಮಾಡಿದರೆ ಮುಂದಿನ ಇಪ್ಪತ್ತೈದು ವರ್ಷ ಹೊಸಬರಿಗೆ ಜಾಗವಿರುವುದಿಲ್ಲ ಎನ್ನುತ್ತಾರೆ. ಹಣ ಬರುವ ರೀತಿಯೂ ಅವರ ಕೈ ಕಟ್ಟಿದೆ. ರಾಜ್ಯಗಳ ಕಾಯಂ ಅನುದಾನದ ಪಕ್ಕದಲ್ಲಿ ಸ್ಪರ್ಧೆಯಲ್ಲಿ ಗೆಲ್ಲಬೇಕಾದ ಹಣದ ಪಾಲು ದಶಕಗಳಿಂದ ಬೆಳೆಯುತ್ತ ಬಂದಿದೆ. 2025ರ ಮೇ ತಿಂಗಳಲ್ಲಿ ದೇಶದಾದ್ಯಂತ 70 ‘ಉತ್ಕೃಷ್ಟತಾ ಸಮೂಹ’ಗಳನ್ನು, ಅಂದರೆ ವಿಶೇಷ ಅನುದಾನದ ದೊಡ್ಡ ಸಂಶೋಧನಾ ಕೂಟಗಳನ್ನು, ಆಯ್ಕೆ ಮಾಡಿದರು, ವರ್ಷಕ್ಕೆ 53.9 ಕೋಟಿ ಯೂರೊ, ಏಳು ವರ್ಷ. ಟ್ಯೂಬಿಂಗನ್ ಒಂದಕ್ಕೇ ಆರು ಸಿಕ್ಕವು, ಊರು ಸಂಭ್ರಮಿಸಿತು. ಆದರೆ ಏಳು ವರ್ಷದ ಹಣದಿಂದ ಮೂವತ್ತು ವರ್ಷದ ಹುದ್ದೆ ಹುಟ್ಟುವುದಿಲ್ಲ. ಹುಟ್ಟುವುದು ಮತ್ತಷ್ಟು ಅವಧಿ ಒಪ್ಪಂದಗಳೇ. ಇನ್ನೊಂದು ಕಡೆ ಕಾಯಂ ಅನುದಾನಕ್ಕೆ ಕತ್ತರಿ. 2025ರಲ್ಲಿ ಬರ್ಲಿನ್ ತನ್ನ ವಿಶ್ವವಿದ್ಯಾಲಯಗಳ ಪಾಲಿನಿಂದ ಸುಮಾರು 14 ಕೋಟಿ ಯೂರೊ ಕಡಿತ ಮಾಡಿತು.

ಆಡಳಿತದವರ ವಾದ ನನಗೆ ಅರ್ಧ ಮಾತ್ರ ಒಪ್ಪಿಗೆ. ಹೊಸಬರಿಗೆ ಜಾಗ ಬೇಕು, ನಿಜ. ಆದರೆ ಟ್ಯುಟೋರಿಯಲ್ ನಡೆಸುವುದು, ಪ್ರಯೋಗಾಲಯ ನೋಡಿಕೊಳ್ಳುವುದು, ಭಾಷೆ ಕಲಿಸುವುದು ಪ್ರತಿ ವರ್ಷವೂ ಇರುವ ಕೆಲಸಗಳು. ಪ್ರತಿ ವರ್ಷ ಇರುವ ಕೆಲಸಕ್ಕೆ ಎರಡು ವರ್ಷದ ಮನುಷ್ಯನನ್ನು ಹುಡುಕುವುದು ಸಂಶೋಧನೆಗೂ ಲಾಭವಲ್ಲ, ಬೋಧನೆಗೂ ಅಲ್ಲ. ಹಾಗೆ ಬಂದವನು ಕೆಲಸ ಕಲಿಯಲು ಒಂದು ವರ್ಷ, ಮುಂದಿನ ಕೆಲಸ ಹುಡುಕಲು ಒಂದು ವರ್ಷ ಕಳೆಯುತ್ತಾನೆ.

ಭಾಷೆಗಳ ವಿಷಯದಲ್ಲಿ ಇದು ಎದ್ದು ಕಾಣುತ್ತದೆ. ‘ಸಣ್ಣ ವಿಷಯಗಳು’ ಎಂದು ಜರ್ಮನಿಯಲ್ಲಿ ಕರೆಯುವ, ದೇಶದಲ್ಲೆಲ್ಲ ಕೆಲವೇ ಪ್ರೊಫೆಸರರಿರುವ ವಿಭಾಗಗಳಲ್ಲಿ ಭಾರತ ಅಧ್ಯಯನವೂ ಒಂದು. ಮ್ಯೂನಿಕ್‌ನಲ್ಲಿ ರಾಬರ್ಟ್ ಝೈಡೆನ್‌ಬೋಸ್ ಕನ್ನಡ ಕಲಿಸಿದರು, ಅವರ ಕನ್ನಡ ಪಠ್ಯಪುಸ್ತಕವನ್ನು ಹೈಡೆಲ್‌ಬರ್ಗ್ 2020ರಲ್ಲಿ ಎಲ್ಲರಿಗೂ ಮುಕ್ತವಾಗಿ ಅಂತರ್ಜಾಲದಲ್ಲಿ ಪ್ರಕಟಿಸಿತು. ವುರ್ಟ್ಸ್‌ಬುರ್ಗ್‌ನಲ್ಲಿ ಹೈಡ್ರೂನ್ ಬ್ರೂಕ್ನರ್ ತುಳು, ಕನ್ನಡದ ಕೆಲಸ ಬೆಳೆಸಿದರು, ಬಿ.ಎ. ವಿವೇಕ ರೈ ಅಲ್ಲಿಗೆ ಅತಿಥಿ ಪ್ರಾಧ್ಯಾಪಕರಾಗಿ ಹೋದರು. ಪ್ರತಿಯೊಂದು ಕಡೆಯೂ ಭಾಷೆ ನಿಂತದ್ದು ಒಬ್ಬಿಬ್ಬರ ಮೇಲೆ. ಅಂಥ ಒಬ್ಬರ ಒಪ್ಪಂದ ಮುಗಿದರೆ, ಅಥವಾ ನಿವೃತ್ತರ ಜಾಗ ಖಾಲಿ ಉಳಿದರೆ, ಆ ವಿಶ್ವವಿದ್ಯಾಲಯದಲ್ಲಿ ಒಂದು ಭಾಷೆಯೇ ಇಲ್ಲವಾಗುತ್ತದೆ.

ಕಿಟೆಲ್ ಅವರ ನಿಘಂಟು ಮುಗಿಯಲು ಸುಮಾರು ಎರಡು ದಶಕ ಹಿಡಿಯಿತು. ಇಂಥ ದೀರ್ಘ ಕೆಲಸದ ಬೆಲೆ ಜರ್ಮನಿಗೆ ಗೊತ್ತಿಲ್ಲ ಎನ್ನುವಂತಿಲ್ಲ. ಅದೇ ಟ್ಯೂಬಿಂಗನ್, ಹ್ಯಾಂಬರ್ಗ್ ಮತ್ತು ಬರ್ಲಿನ್‌ನಲ್ಲಿ ಕವಿ ಗಯಟೆ ಬಳಸಿದ ಪದಗಳ ಶಬ್ದಕೋಶದ ಕೆಲಸ ತಲೆಮಾರುಗಳ ಕಾಲ ನಡೆಯಿತು. ಅದರ ಯೋಜನೆ ರೂಪುಗೊಂಡದ್ದು 1946ರಲ್ಲಿ. ಅಕಾಡೆಮಿಗಳ ದೀರ್ಘ ಯೋಜನೆಗಳಲ್ಲಿ ಈ ತಾಳ್ಮೆಗೆ ಜಾಗವಿದೆ. ವಿಶ್ವವಿದ್ಯಾಲಯದ ಒಳಗೆ, ತರಗತಿಯ ಪಕ್ಕದಲ್ಲಿ, ಅದು ಇಲ್ಲವಾಗುತ್ತಿರುವುದೇ ದುಃಖ.

ಕರ್ನಾಟಕದಿಂದ ಈಗ ಪಿಎಚ್‌ಡಿಗೆ ಜರ್ಮನಿಗೆ ಹೊರಟಿರುವವರಿಗೆ ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಅಲ್ಲಿನ ಗ್ರಂಥಾಲಯಗಳು, ಪ್ರಯೋಗಾಲಯಗಳು, ಮೇಜು ಕುಟ್ಟಿ ಮೆಚ್ಚುಗೆ ಹೇಳುವ ತರಗತಿಗಳು, ಇಪ್ಪತ್ತೈದರ ಹುಡುಗಿಯ ಪ್ರಶ್ನೆಗೆ ಅರವತ್ತರ ಪ್ರೊಫೆಸರ್ ಪೆನ್ನು ಹಿಡಿದು ಬರೆದುಕೊಳ್ಳುವ ಗುಣ, ಇವೆಲ್ಲ ನಿಜ. ಸಂದರ್ಶನದ ಕೊನೆಗೆ, ನಿಮಗೇನಾದರೂ ಕೇಳುವುದಿದೆಯೇ ಎಂದಾಗ ಸಂಕೋಚ ಬಿಟ್ಟು ಕೇಳಿ. ಹುದ್ದೆ ಪೂರ್ಣಾವಧಿಯದೇ, ಅರ್ಧವೇ, ಶೇಕಡಾ 65ರದೇ? ಅರ್ಧ ಸಂಬಳಕ್ಕೆ ಪೂರ್ತಿ ವಾರ ಕೆಲಸ ಮಾಡುವ ರೂಢಿ ಆ ವಿಭಾಗದಲ್ಲಿದೆಯೇ? ಹಣ ವಿಶ್ವವಿದ್ಯಾಲಯದ ಸ್ವಂತ ಬಜೆಟಿನದೇ, ಯೋಜನೆಯದೇ? ವಾರಕ್ಕೆ ಎಷ್ಟು ಗಂಟೆ ಪಾಠ ಮಾಡಬೇಕು? ಇಲ್ಲಿ ಹಿಂದಿನ ಐವರು ಪಿಎಚ್‌ಡಿ ಮುಗಿಸಲು ಎಷ್ಟು ವರ್ಷ ತೆಗೆದುಕೊಂಡರು, ಈಗ ಎಲ್ಲಿದ್ದಾರೆ? ಸಾಧ್ಯವಾದರೆ ಆ ಐವರಲ್ಲಿ ಒಬ್ಬರೊಂದಿಗೆ ನೇರವಾಗಿ ಮಾತನಾಡಿ. ಒಪ್ಪಂದದ ಕರಡು ಕೈಗೆ ಬಂದಾಗ ಸಂಬಳದ ಸಾಲಿಗಿಂತ ಮೊದಲು ಮುಗಿಯುವ ದಿನಾಂಕದ ಸಾಲನ್ನು ಓದಿ, ಪ್ರಬಂಧ ಮುಗಿಯಬಹುದಾದ ದಿನವನ್ನು ಅದರ ಪಕ್ಕದಲ್ಲಿ ಬರೆದುಕೊಳ್ಳಿ. ಎರಡರ ನಡುವೆ ಒಂದು ವರ್ಷದ ಅಂತರ ಕಂಡರೆ, ಆ ವರ್ಷದ ಸಂಬಳ ಎಲ್ಲಿಂದ ಎಂದು ಸಹಿ ಹಾಕುವ ಮೊದಲೇ ಬರಹದಲ್ಲಿ ಉತ್ತರ ಪಡೆಯಿರಿ.